ಮುಕ್ತ ತಂತ್ರಾಂಶ ಮತ್ತು ಹಾಸನ ಜಿಲ್ಲೆಯ ವರ್ತಕರು

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಅನೇಕ ವರ್ತಕರು ಮೊಟ್ಟಮೊದಲ ಬಾರಿಗೆ ಅಂಗಡಿಗೆ ಗಣಕಯಂತ್ರ ತಂದರು. ಅಲ್ಲಿಯವರೆಗೆ ಕಿರ್ದಿ, ಖಾತೆಗಳು ಕೆಂಪು ರಟ್ಟಿನ ಪುಸ್ತಕದಲ್ಲಿ ಗುಮಾಸ್ತರ ಕೈಬರಹದಲ್ಲಿಯೇ ಇದ್ದವು. ಹೀಗೆ ಬಂದ ಯಂತ್ರಗಳಲ್ಲಿ ಎಷ್ಟೋ ಇಂದಿಗೂ ಕೆಟ್ಟಿಲ್ಲ. ಆದರೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು; ಇಂಟೆಲ್ ಸಂಸ್ಕಾರಕವಾದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಅದು 8ನೆಯ ಪೀಳಿಗೆಯದು ಅಥವಾ ಅನಂತರದ್ದು ಆಗಿರಬೇಕು. 8ನೆಯ ಪೀಳಿಗೆಯ ಮೇಜಿನ ಗಣಕಗಳು ಮಾರುಕಟ್ಟೆಗೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ಅಂದರೆ ಹೊಸ ತೆರಿಗೆಗೆಂದು ಜುಲೈನಲ್ಲಿ ಕೊಂಡ ಯಂತ್ರ ಮೂರು ತಿಂಗಳ ಅಂತರದಲ್ಲಿ ಗೆರೆಯ ಆಚೆಗೆ ಉಳಿಯಿತು.

ಲೆಕ್ಕಪತ್ರದ ದೃಷ್ಟಿಯಿಂದ ಇದನ್ನು ನೋಡಬೇಕು. ಅಂದು 40,000 ರೂಪಾಯಿ ಕೊಟ್ಟು ಕೊಂಡ ಯಂತ್ರಕ್ಕೆ ಆದಾಯ ತೆರಿಗೆಯ ಶೇಕಡಾ 40ರ ಸವಕಳಿ ದರವನ್ನು ವರ್ಷ ವರ್ಷ ಅನ್ವಯಿಸಿದರೆ, 2025ರ ಮಾರ್ಚ್ 31ಕ್ಕೆ ಪುಸ್ತಕದಲ್ಲಿ ಉಳಿಯುವ ಬೆಲೆ ಸುಮಾರು 672 ರೂಪಾಯಿ. ಪುಸ್ತಕದ ಮಟ್ಟಿಗೆ ಅದು ಸತ್ತ ಸ್ವತ್ತು. ಅಂಗಡಿಯ ಮಟ್ಟಿಗೆ ದಿನವೂ ಬಿಲ್ಲು ಮುದ್ರಿಸುವ ದುಡಿಮೆಗಾರ. ಇದನ್ನು ಬದಿಗಿಟ್ಟು ಹೊಸ ಯಂತ್ರ ಕೊಳ್ಳಬಹುದು. ಮೈಕ್ರೋಸಾಫ್ಟ್ ವ್ಯಾಪಾರ ಸಂಸ್ಥೆಗಳಿಗೆ ಪ್ರಕಟಿಸಿದ ದರದಂತೆ ಮೊದಲ ವರ್ಷಕ್ಕೆ 61 ಡಾಲರ್, ಮುಂದಿನ ಪ್ರತಿ ವರ್ಷಕ್ಕೂ ಅದರ ಇಮ್ಮಡಿ, ಹೀಗೆ ಮೂರು ವರ್ಷಕ್ಕೆ ಒಟ್ಟು 427 ಡಾಲರ್ ತೆತ್ತು ಭದ್ರತಾ ಪರಿಷ್ಕರಣೆಗಳನ್ನು ಪಡೆಯಬಹುದು. ಏನೂ ಮಾಡದೆ ಸುಮ್ಮನಿರಬಹುದು. ಇದೇ ಹೆಚ್ಚು ಪ್ರಚಲಿತವಾದ ಮಾರ್ಗವೆಂದು ಕಾಣುತ್ತದೆ. ನಾಲ್ಕನೆಯ ಮಾರ್ಗವೊಂದಿದೆ: ಅದೇ ಯಂತ್ರಕ್ಕೆ ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವುದು. ಈ ಮಾರ್ಗದ ಬಗೆಗೆ ವರ್ತಕರಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ಅದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆಟಿಕೆ ಎಂಬುದು. ಇನ್ನೊಂದು, ಪುಕ್ಕಟೆ ಸಿಕ್ಕಿದ್ದರಿಂದ ಅದೇ ಉತ್ತಮ ಎಂಬುದು. ಎರಡೂ ಅವಸರದ ತೀರ್ಮಾನಗಳು.

ಪುಕ್ಕಟೆ ಎಂಬುದಕ್ಕೂ ಮುಕ್ತ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡಿಗರು ತಮ್ಮದೇ ಅನುಭವದಿಂದ ತಿಳಿಯಬಹುದು. 'ಬರಹ' ಮತ್ತು 'ನುಡಿ' ತಂತ್ರಾಂಶಗಳು ಎರಡು ದಶಕಗಳ ಹಿಂದೆ ಬೆಲೆಯಿಲ್ಲದೆ ದೊರೆತು, ಕನ್ನಡದಲ್ಲಿ ಪತ್ರವ್ಯವಹಾರವನ್ನು ಸುಲಭಗೊಳಿಸಿದವು. ಆ ಉಪಕಾರ ಸಣ್ಣದಲ್ಲ. ಆದರೆ ಅವುಗಳ ಆಕರ ಸಂಕೇತ ಸಾರ್ವಜನಿಕರ ಕೈಯಲ್ಲಿರಲಿಲ್ಲ. 'ಬರಹ'ದ ಮುಂದಿನ ಆವೃತ್ತಿಗಳಿಗೆ ಬೆಲೆ ನಿಗದಿಯಾದಾಗ ಯಾರೂ ಆಕ್ಷೇಪಿಸುವಂತಿರಲಿಲ್ಲ. ಅದು ಕರ್ತೃವಿನ ಹಕ್ಕು. ಮುಕ್ತ ತಂತ್ರಾಂಶದಲ್ಲಿ ಪರವಾನಗಿಯೇ ಬೇರೆ ಬಗೆಯದು. ಬಳಸುವ, ಪ್ರತಿ ಮಾಡುವ, ಒಳಗಿನ ಸಂಕೇತವನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕುಗಳು ಬಳಕೆದಾರನಿಗೆ ದತ್ತವಾಗಿರುತ್ತವೆ. ಕೊಟ್ಟ ಪ್ರತಿಯನ್ನು ಮರಳಿ ಕೇಳುವ ಅಧಿಕಾರ ಕೊಟ್ಟವನಿಗೂ ಇರುವುದಿಲ್ಲ.

ಇಲ್ಲಿ ಸಭೆಗಳಲ್ಲಿ ಯಾರೂ ಎತ್ತದ ಒಂದು ವಿಷಯವನ್ನು ಎತ್ತಲೇಬೇಕಾಗಿದೆ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸ್ಪರ್ಧೆ ನಡೆಯುತ್ತಿರುವುದು ಹಣ ಕೊಟ್ಟು ಕೊಂಡ ವಿಂಡೋಸಿಗೂ ಉಚಿತ ಲಿನಕ್ಸಿಗೂ ನಡುವೆ ಅಲ್ಲ. ಕಳ್ಳಪ್ರತಿಗೂ ಲಿನಕ್ಸಿಗೂ ನಡುವೆ. ಬಿಡಿಭಾಗಗಳನ್ನು ಜೋಡಿಸಿ ಯಂತ್ರ ಮಾಡಿಕೊಡುವವರು 'ಎಲ್ಲವನ್ನೂ ಹಾಕಿಕೊಟ್ಟಿದ್ದೇವೆ' ಎನ್ನುತ್ತಾರೆ. ಆ 'ಎಲ್ಲ'ದಲ್ಲಿ ಪರವಾನಗಿ ಇರುವುದು ಅಪರೂಪ. ಸ್ವಾಮ್ಯದ ತಂತ್ರಾಂಶ ಅಗ್ಗವೆಂದೂ ಸುಲಭವೆಂದೂ ತೋರುವುದಕ್ಕೆ ಒಂದು ಮುಖ್ಯ ಕಾರಣ ಅದರ ಬೆಲೆಯನ್ನೇ ಕೊಡದಿರುವುದು. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ, ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಗಣಕದಲ್ಲಿ ಬಳಸಿದವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಹಾಗೂ 50,000 ರೂಪಾಯಿಗೆ ಕಡಿಮೆಯಿಲ್ಲದ, 2 ಲಕ್ಷ ರೂಪಾಯಿವರೆಗಿನ ದಂಡವಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದ ಸಂದರ್ಭದಲ್ಲಿ ಬಳಸದಿದ್ದ ಪಕ್ಷದಲ್ಲಿ ನ್ಯಾಯಾಲಯ ಸೆರೆವಾಸವನ್ನು ಕೈಬಿಡಬಹುದು. ವಿದ್ಯಾರ್ಥಿಗೆ ದೊರೆಯಬಹುದಾದ ಈ ರಿಯಾಯಿತಿ ವರ್ತಕನಿಗೆ ದೊರೆಯುವುದಿಲ್ಲ. ಒಂದು ರೂಪಾಯಿ ತೆರಿಗೆ ತಪ್ಪಿದರೂ ರಾತ್ರಿ ನಿದ್ರೆಗೆಡುವ ವರ್ತಕರೇ ಈ ಅಪರಾಧವನ್ನು ಅಪರಾಧವೆಂದೇ ಎಣಿಸದಿರುವುದು ವಿಚಿತ್ರ.

ಶಿಕ್ಷೆಗಿಂತ ಹತ್ತಿರದ ಅಪಾಯ ಬೇರೊಂದಿದೆ. ಕಳ್ಳಪ್ರತಿಗಳಲ್ಲಿ ಪತ್ತೆಯ ಭಯದಿಂದ ಪರಿಷ್ಕರಣೆಗಳನ್ನು ನಿಲ್ಲಿಸಿಡುವುದು ವಾಡಿಕೆ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲಿಯೇ ನೀಡಿತ್ತು. ಹಾಕಿಕೊಂಡವರು ಪಾರಾದರು. ಮುಕ್ತ ತಂತ್ರಾಂಶಕ್ಕೆ ಇಂಥ ಪಿಡುಗಿಲ್ಲವೆಂದು ಭಾವಿಸಬಾರದು: 2024ರ ಮಾರ್ಚ್‌ನಲ್ಲಿ 'ಎಕ್ಸ್‌ಝೆಡ್' ಎಂಬ ಮುಕ್ತ ತಂತ್ರಾಂಶದೊಳಗೆ ಕಳ್ಳಬಾಗಿಲೊಂದು ಪತ್ತೆಯಾಯಿತು. ವ್ಯಾಪಕವಾಗಿ ಹರಡುವ ಮೊದಲೇ ಅದನ್ನು ಕಂಡುಹಿಡಿದವರು ಒಬ್ಬ ತಂತ್ರಜ್ಞರು; ಸಂಕೇತ ತೆರೆದಿದ್ದುದರಿಂದ ಹುಡುಕಿ ನೋಡಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಸ್ವಾಮ್ಯದ ತಂತ್ರಾಂಶದ ಪರವಾದ ವಾದಗಳಲ್ಲಿ ಹುರುಳಿಲ್ಲವೆಂದಲ್ಲ. ಲೆಕ್ಕ ಬರೆಯುವವರ ದೈನಂದಿನ ಸಂಗಾತಿಯಾದ ಟ್ಯಾಲಿ ಬೆಂಗಳೂರಿನದೇ ಕೊಡುಗೆ; ಅದು ವಿಂಡೋಸ್ ಮೇಲೆ ನಡೆಯುವಂತೆ ರಚಿತವಾಗಿದೆ. ಬಿ.ಕಾಂ. ಮುಗಿಸಿ ಬರುವ ಹುಡುಗ ಹುಡುಗಿಯರು ಕಲಿತು ಬರುವುದೂ ಅದನ್ನೇ. ಲಿನಕ್ಸಿನಲ್ಲಿ ಅದನ್ನು ಬಳಸು ದಾರಿಯಿಂದ ನಡೆಸುವವರಿದ್ದರೂ ಏಪ್ರಿಲ್ ತಿಂಗಳ ಒತ್ತಡದಲ್ಲಿ ಅಂಥ ಪ್ರಯೋಗಕ್ಕೆ ಯಾವ ಲೆಕ್ಕಪರಿಶೋಧಕರೂ ಒಪ್ಪಲಾರರು, ಒಪ್ಪಲೂಬಾರದು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ತೆರಳಲು ನಿರ್ಧರಿಸಿ, ಹತ್ತು ವರ್ಷಗಳಲ್ಲಿ ಸುಮಾರು 15,000 ಯಂತ್ರಗಳನ್ನು ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ನಿರ್ಣಯ ಮಾಡಿತು. ಸಿಬ್ಬಂದಿಯ ಅಸಮಾಧಾನ, ಹೊರಗಿನವರು ಕಳುಹಿಸುವ ಕಡತಗಳ ಹೊಂದಾಣಿಕೆಯ ತೊಡಕು, ರಾಜಕೀಯ ಎಲ್ಲವೂ ಸೇರಿ ಹಾಗಾಯಿತು. ಎಲ್ಲವನ್ನೂ ಒಮ್ಮೆಲೇ ಬದಲಾಯಿಸಲು ಹೊರಡುವವರು ಇದನ್ನು ಮರೆಯಬಾರದು.

ಆದರೆ 'ಹುಡುಗರಿಗೆ ಹೊಸ ಪರದೆ ಅಭ್ಯಾಸವಿಲ್ಲ' ಎಂಬ ಒಂದು ಆಕ್ಷೇಪವನ್ನು ಹಾಗೆಯೇ ಒಪ್ಪಲಾಗದು. ಪರದೆಯ ನೋಟ ವಿಂಡೋಸಿನಲ್ಲಿಯೂ ಸ್ಥಿರವಾಗಿ ಉಳಿದಿಲ್ಲ. ಆಫೀಸ್ 2007ರಲ್ಲಿ ಹಳೆಯ ಆಯ್ಕೆಪಟ್ಟಿಗಳು ಮಾಯವಾಗಿ ಪಟ್ಟಿಯಾಕಾರದ ಹೊಸ ವಿನ್ಯಾಸ ಬಂತು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯೇ ಇಲ್ಲವಾಯಿತು. ಗ್ರಾಹಕರು ಗೊಣಗಿದರು, ಸಂಸ್ಥೆ ಮನಸ್ಸು ಬದಲಿಸುವವರೆಗೆ ಕಾದರು. ಮುಕ್ತ ತಂತ್ರಾಂಶದಲ್ಲಿಯೂ ಇಂಥದೇ ನಡೆಯಿತು. 2011ರಲ್ಲಿ 'ಗ್ನೋಮ್ 3' ಬಂದಾಗ ಹಳೆಯ ನೋಟಕ್ಕೆ ಒಗ್ಗಿಕೊಂಡಿದ್ದವರು ಬೇಸರಗೊಂಡರು. ಅಲ್ಲಿ ಅವರು ಕಾಯಬೇಕಾಗಲಿಲ್ಲ. ಹಳೆಯ ಆವೃತ್ತಿಯ ಸಂಕೇತವನ್ನೇ ಎತ್ತಿಕೊಂಡು 'ಮಾಟೆ' ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇಂದಿಗೂ ಕೆಳಗೊಂದು ಪಟ್ಟಿ, ಮೂಲೆಯಲ್ಲೊಂದು ಆಯ್ಕೆಯ ಗುಂಡಿ ಇರುವ ಹಳೆಯ ಮಾದರಿಯ ಪರದೆ ಬೇಕೆಂದವರಿಗೆ ಅದು ದೊರೆಯುತ್ತದೆ. ಹತ್ತು ವರ್ಷ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಿಲ್ಲು ಬರೆಯುವ ವ್ಯಕ್ತಿಗೆ ಇದಕ್ಕಿಂತ ಬೇಕಾದ ಗುಣ ಬೇರೆ ಯಾವುದು?

ವರ್ತಕರು ನಿಜವಾಗಿ ಚಿಂತಿಸಬೇಕಾದುದು ಕಡತಗಳ ಭವಿಷ್ಯವನ್ನು. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳವರೆಗೆ ಕಾಯ್ದಿಡಬೇಕು. ಜಿ.ಎಸ್.ಟಿ. ಕಾನೂನಿನ 36ನೆಯ ಪ್ರಕರಣದಂತೆ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಕಾಯ್ದಿಡುವುದೆಂದರೆ ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಡುವುದಲ್ಲ, ಕೇಳಿದ ದಿನ ತೆರೆದು ಓದಿ ತೋರಿಸುವುದು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಬಾಡಿಗೆ ಕರಾರು, ಪಾಲುದಾರಿಕೆ ಪತ್ರಗಳನ್ನು ಇಂದಿನ ಯಂತ್ರದಲ್ಲಿ ತೆರೆದವರಿಗೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಎದುರಾಗಿರುವುದುಂಟು. ಅಕ್ಷರವಿನ್ಯಾಸ ಕಡತ ಇಲ್ಲದಿದ್ದರೆ ಕನ್ನಡವೇ ಕಾಣದು. ಯೂನಿಕೋಡ್ ಎಂಬ ಮುಕ್ತ ಶಿಷ್ಟತೆ ಬಂದ ಮೇಲೆ ಈ ತೊಂದರೆ ನೀಗಿತು. ಸರ್ಕಾರದ ಯೂನಿಕೋಡ್ ಕನ್ನಡ ತಂತ್ರಾಂಶಗಳ ಕೆಲಸ ಮಾಡಿದ್ದು ಹಾಸನದ ಸಂಸ್ಥೆಯೊಂದೇ ಎಂಬುದು ಜಿಲ್ಲೆಗೆ ಹೆಮ್ಮೆಯ ಸಂಗತಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಗುಮಾಸ್ತರ ಬೆರಳಿಗೆ ಒಗ್ಗಿರುವ ಕೀಲಿಮಣೆ ಲಿನಕ್ಸಿನಲ್ಲಿಯೂ ಲಭ್ಯವಿದೆ.

ಕೀಲಿ ಪರರ ಕೈಯಲ್ಲಿದ್ದರೆ ಏನಾದೀತೆಂಬುದಕ್ಕೆ ಇತ್ತೀಚಿನ ನಿದರ್ಶನ ದೊಡ್ಡ ಸಂಸ್ಥೆಯೊಂದರದು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಐರೋಪ್ಯ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಸೇವೆಗಳು ನಿಂತುಹೋದವು. ಹಣ ಪಾವತಿಯಾಗಿದ್ದ, ಪರವಾನಗಿ ಸರಿಯಾಗಿದ್ದ ಸೇವೆ ಅದು. ಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ಸೇವೆ ಮರಳಿತು. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗೆ ಐರೋಪ್ಯ ನಿರ್ಬಂಧ ಬರಲಾರದು, ನಿಜ. ಆದರೆ ಖಾತೆಗೆ ಪ್ರವೇಶ ತಪ್ಪಿದ ದಿನ ದೆಹಲಿಗೆ ಹೋಗುವ ಶಕ್ತಿಯೂ ಆ ಮಂಡಿಗೆ ಇಲ್ಲ.

ಹಾಗಾದರೆ ಅಡ್ಡಿ ಎಲ್ಲಿದೆ? ಲಿನಕ್ಸಿನಲ್ಲಿರುವುದಕ್ಕಿಂತ ಹೆಚ್ಚಾಗಿ ಸರ್ಕಾರದ ಸಾಧನಗಳಲ್ಲಿದೆ. ಕೇಂದ್ರ ಸರ್ಕಾರವು 2015ರಲ್ಲಿ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂಬ ನೀತಿಯನ್ನು ಪ್ರಕಟಿಸಿತು. ಆದರೆ ಜಿ.ಎಸ್.ಟಿ. ವಿವರಪಟ್ಟಿಯ ಆಫ್‌ಲೈನ್ ಸಾಧನವನ್ನು ವಿಂಡೋಸಿಗಾಗಿ ಮಾತ್ರ ರೂಪಿಸಿ, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಅದು ನಡೆಯದೆಂದು ಸೂಚನೆಯಲ್ಲಿಯೇ ತಿಳಿಸಲಾಯಿತು. ಆದಾಯ ತೆರಿಗೆ ಇಲಾಖೆ ಹಿಂದೆ ನೀಡುತ್ತಿದ್ದ ಜಾವಾ ಸಾಧನ ಎಲ್ಲ ವ್ಯವಸ್ಥೆಗಳಲ್ಲಿಯೂ ನಡೆಯುತ್ತಿತ್ತು. 2021ರಲ್ಲಿ ಅದರ ಜಾಗಕ್ಕೆ ಬಂದದ್ದು ವಿಂಡೋಸಿನ ಸಾಧನ. ಸಾರ್ವಜನಿಕ ತೆರಿಗೆ ಕಟ್ಟಲು ಖಾಸಗಿ ಸಂಸ್ಥೆಯೊಂದರ ಸರಕನ್ನು ಕೊಳ್ಳಬೇಕಾದ ಸ್ಥಿತಿ ಇದು. ವಾಣಿಜ್ಯೋದ್ಯಮ ಸಂಸ್ಥೆಗಳು ಬಜೆಟ್ ಪೂರ್ವ ಮನವಿಗಳಲ್ಲಿ ದರ ಇಳಿಕೆಯನ್ನಷ್ಟೇ ಕೇಳದೆ ಇದನ್ನೂ ಕೇಳಬೇಕು.

ಅಷ್ಟರಲ್ಲಿ ಸಣ್ಣ ವರ್ತಕರು ಕೈಕಟ್ಟಿ ಕೂರಬೇಕಾಗಿಲ್ಲ. ಜಿ.ಎಸ್.ಟಿ. ಜಾಲತಾಣ, ಇ-ವೇ ಬಿಲ್ಲು, ಬ್ಯಾಂಕ್ ವ್ಯವಹಾರಗಳು ಫೈರ್‌ಫಾಕ್ಸ್‌ನಂಥ ಬ್ರೌಸರಿನಲ್ಲಿ ನಡೆಯುತ್ತವೆ. ಜಿ.ಎಸ್.ಟಿ.ಯಲ್ಲಿ ಡಿಜಿಟಲ್ ಸಹಿ ಕಡ್ಡಾಯವಿರುವುದು ಕಂಪನಿಗಳಿಗೆ ಮತ್ತು ಎಲ್‌ಎಲ್‌ಪಿಗಳಿಗೆ. ಒಡೆತನದ ಅಂಗಡಿಗಳಿಗೆ ಮೊಬೈಲಿಗೆ ಬರುವ ಸಂಖ್ಯೆಯೇ ಸಾಕು. ಹೊಳೆನರಸೀಪುರದ ಅಕ್ಕಿ ಗಿರಣಿಯೊಂದರಲ್ಲಿ ಮೂರು ಯಂತ್ರಗಳಿವೆ ಎಂದಿಟ್ಟುಕೊಳ್ಳೋಣ. ಟ್ಯಾಲಿ ಮತ್ತು ಸಹಿಯ ಟೋಕನ್‌ಗಾಗಿ ಒಂದರಲ್ಲಿ ಪರವಾನಗಿಯುಳ್ಳ ವಿಂಡೋಸ್ ಇರಲಿ. ಪತ್ರ, ದಾಸ್ತಾನು ಪಟ್ಟಿ, ಅಂತರ್ಜಾಲಕ್ಕೆ ಬಳಸುವ ಉಳಿದೆರಡರಲ್ಲಿ ಲಿನಕ್ಸ್ ಮತ್ತು ಲಿಬ್ರೆ ಆಫೀಸ್ ಸಾಕು. ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ 2017ರ ಯಂತ್ರ ಇನ್ನೂ ಕೆಲವು ವರ್ಷ ನಡೆಯುತ್ತದೆ. ಹಾಸನದ ಆಲೂಗಡ್ಡೆ ವ್ಯಾಪಾರಿಗೆ ಇದರಲ್ಲಿ ಉಳಿತಾಯ ಇನ್ನೂ ಹೆಚ್ಚು. ತಾಜಾ ಆಲೂಗಡ್ಡೆಗೆ ತೆರಿಗೆ ವಿನಾಯಿತಿ ಇರುವುದರಿಂದ, ಪರವಾನಗಿಯ ಮೇಲೆ ತೆತ್ತ ಶೇಕಡಾ 18 ಜಿ.ಎಸ್.ಟಿ.ಗೆ ಆತನಿಗೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ.

ಲೆಕ್ಕದ ತಂತ್ರಾಂಶವನ್ನೇ ಮುಕ್ತವಾದುದಕ್ಕೆ ಬದಲಾಯಿಸಲು ಬಯಸುವ ಕೈಗಾರಿಕೆಗಳಿಗೆ ಮುಂಬಯಿ ಮೂಲದ 'ಇಆರ್‌ಪಿ ನೆಕ್ಸ್ಟ್' ಇದೆ. ಒಂದು ಎಚ್ಚರ ಅಗತ್ಯ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಅದನ್ನು ನಿಷ್ಕ್ರಿಯಗೊಳಿಸುವಂತಿರಬಾರದು. ಸಂಕೇತವನ್ನು ತಿದ್ದಬಲ್ಲವನು ಆ ದಾಖಲೆಯನ್ನೂ ಅಳಿಸಬಲ್ಲನೆಂಬ ಶಂಕೆ ಲೆಕ್ಕಪರಿಶೋಧಕರಲ್ಲಿ ಮೂಡುವುದು ಸಹಜ. ದತ್ತಾಂಶಕ್ಕೆ ಪ್ರವೇಶ ಯಾರಿಗಿದೆ ಎಂಬುದನ್ನು ಲಿಖಿತವಾಗಿ ನಿಗದಿಪಡಿಸದೆ ಕಂಪನಿಗಳು ಮುಂದುವರಿಯಬಾರದು.

ಉಳಿದ ಕೊರತೆ ರಿಪೇರಿಯವರದು. ಅರಕಲಗೂಡಿನ ಅಂಗಡಿಯಲ್ಲಿ ಸಂಜೆ ಆರಕ್ಕೆ ಮುದ್ರಣಯಂತ್ರ ನಿಂತರೆ ವಿಂಡೋಸ್ ಬಲ್ಲವನು ಅರ್ಧ ಗಂಟೆಯಲ್ಲಿ ಬರುತ್ತಾನೆ. ಲಿನಕ್ಸ್ ಬಲ್ಲವನಿಗಾಗಿ ಹಾಸನಕ್ಕೆ ಫೋನ್ ಮಾಡಬೇಕು. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಶ್ರವಣಬೆಳಗೊಳದಲ್ಲಿ ಬಾಹುಬಲಿ ಕಾಲೇಜಿದೆ. ವಾಣಿಜ್ಯೋದ್ಯಮ ಸಂಸ್ಥೆಯು ಪ್ರತಿ ತಾಲ್ಲೂಕಿನಿಂದ ಇಬ್ಬರು ಗಣಕ ರಿಪೇರಿಯವರನ್ನು ಆರಿಸಿ, ಈ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ನಾಲ್ಕು ಭಾನುವಾರಗಳ ತರಬೇತಿ ಕೊಡಿಸಬಹುದು. ಮಳಿಗೆಗಳಲ್ಲಿ ಬಳಕೆಯಲ್ಲಿರುವ ಮುದ್ರಣಯಂತ್ರ ಮತ್ತು ತೂಕದ ಯಂತ್ರಗಳನ್ನು ಅಲ್ಲಿಗೇ ಒಯ್ದು, ಯಾವುದು ಲಿನಕ್ಸಿನಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಪರೀಕ್ಷಿಸಿ, ಆ ಪಟ್ಟಿಯನ್ನು ಸದಸ್ಯರಿಗೆ ಹಂಚಬೇಕು. ಮಾರ್ಚ್ ಸಮೀಪಿಸುವ ಮೊದಲೇ ಈ ಕೆಲಸ ಮುಗಿದರೆ ಒಳಿತು. ಆಮೇಲೆ ಯಾರಿಗೂ ಪುರಸೊತ್ತು ಇರುವುದಿಲ್ಲ.