ಬೆನ್ನಿನ ಮಾತು, ಭಾಗ 4: ‘ಧೈರ್ಯ ತಗೋ’ ಅನ್ನೂದಕ್ಕಿಂತ ಜೋಡಿ ನಡೀರಿ

ಫೋಟೋದಾಗ ಕಾಣೂ ಲೈಟಿನ ಕಂಬ ನೋಡ್ರಿ. ರಾಯಾಪುರದ ನಮ್ಮ ಓಣಿದು. ನಮ್ಮ ಬಾಗಿಲಿನಿಂದ ಅಲ್ಲಿಗೆ ಬರೇ ನಲವತ್ತು ಹೆಜ್ಜೆ. ಡಿಸ್ಕ್ ಆಪರೇಷನ್ ಆಗಿ ಮನಿಗೆ ಬಂದ ಮೊದಲ ವಾರ ನನಗದು ಧಾರವಾಡಕ್ಕಿಂತ ದೂರ ಇತ್ತು.

ನಿಮ್ಮ ಮನಿಯೊಳಗ ಯಾರಿಗಾದರೂ ಬೆನ್ನಿನ ಆಪರೇಷನ್ ಆಗಿದ್ರ ಇವತ್ತಿನ ಮಾತು ನಿಮಗಾಗೇ.

ನನ್ನ ನೋಡಾಕ ಬಂದವರು ಎರಡು ಥರ ಇದ್ರು. ಒಬ್ಬರು, “ಬೆನ್ನಿಗೆ ಕತ್ತರಿ ಬಿತ್ತಂದ್ರ ಮುಗೀತವ್ವಾ, ನಮ್ಮ ಬೀಗರ ಪೈಕಿ ಒಬ್ಬರು ಮತ್ತ ಏಳಲೇ ಇಲ್ಲ” ಅಂದ್ರು. ಇನ್ನೊಬ್ಬರು, “ಏನೂ ಆಗಂಗಿಲ್ಲ ಬಿಡು, ಧೈರ್ಯ ತಗೋ” ಅಂದ್ರು. ಮೊದಲಿನವರು ನಿದ್ದಿ ಕೆಡಿಸಿದ್ರು. ಎರಡನೆಯವರ ಮಾತು ಕೇಳಿ ಇನ್ನಷ್ಟು ಒಂಟಿ ಅನಿಸ್ತು. ಯಾಕಂದ್ರ ನೋವು ಇತ್ತು, ಕಾಲು ಜೋಮು ಹಿಡಿದಿತ್ತು. ‘ಏನೂ ಇಲ್ಲ’ ಅಂತ ಎಲ್ಲಾರೂ ಅಂದಮ್ಯಾಲೆ ಅದನ್ನ ಯಾರ ಮುಂದ ಹೇಳೂದು?

ಆಮ್ಯಾಲೆ ಬಂದವರು ಪಕ್ಕದ ಮನಿ ಮಾಮಿ. ಚಪ್ಪಲಿ ಸೈತ ಬಿಡಲಿಲ್ಲ, ಬಾಗಿಲಾಗ ನಿಂತು ಕೇಳಿದ್ರು: “ಡಾಕ್ಟರ್ ಎಷ್ಟು ನಡೀ ಅಂದಾರ?”

“ದಿನಾ ನಾಕೈದು ಸಲ ರೀ, ಸ್ವಲ್ಪ ಸ್ವಲ್ಪ.”

“ಹಂಗಾರ ಏಳು, ಕಂಬದ ತನಕ ಹೋಗಿ ಬರೂಣು. ನನಗೂ ಶುಗರ್ ಐತಿ, ನಾನೂ ನಡೀಬೇಕು.”

ನನ್ನ ಅಭಿಪ್ರಾಯ ಇಷ್ಟೇ: ಗುಣ ಆಗೋವ್ರಿಗೆ ಧೈರ್ಯದ ಮಾತಿಗಿಂತ ಜೋಡಿ ಬೇಕು. ಇದಕ್ಕ ಕಾರಣನೂ ಐತಿ. ಆಪರೇಷನ್ನಿನಾಗ ನರದ ಮೇಲೆ ಒತ್ತುತ್ತಿದ್ದ ಡಿಸ್ಕಿನ ತುಂಡನ್ನು ತೆಗೆಯುತ್ತಾರೆ. ಆದರೆ ಪೆಟ್ಟು ತಿಂದ ನರ ಅವತ್ತೇ ಸುಧಾರಿಸುವುದಿಲ್ಲ. ಹಾಳಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅಂದ್ರ ಜೋಮು, ಸೆಳೆತ ತಿಂಗಳುಗಟ್ಟಲೆ ಉಳಿಯಬಹುದು. ಮಲಗಿದವರಿಗೆ ತಮ್ಮ ಸುಧಾರಣೆ ತಮಗೇ ಕಾಣಂಗಿಲ್ಲ. ಅದರ ಲೆಕ್ಕ ಇಡಾಕ ಇನ್ನೊಬ್ಬರು ಬೇಕು. “ಮೊನ್ನೆ ಕಂಬದ ಹತ್ರ ನಾಕು ಸಲ ನಿಂತಿ, ಇವತ್ತ ಒಂದೇ ಸಲ” ಅಂತ ಮಾಮಿ ಹೇಳಿದಾಗಲೇ ನನಗದು ಗೊತ್ತಾಗಿದ್ದು.

ಹಂಗಂತ ಹುರುಪು ಮಿತಿ ಮೀರಬಾರದು. “ನೀ ಹುಲಿ ಅದೀ, ಒಂದ್ ಕೊಡ ಎತ್ತಿ ನೋಡು” ಅನ್ನೋರೂ ಇದ್ರು. ಮೊದಲ ಕೆಲವು ವಾರ ಬಗ್ಗೂದು, ಭಾರ ಎತ್ತೂದು, ಸೊಂಟ ತಿರುವೂದು, ಈ ಮೂರಕ್ಕೂ ಡಾಕ್ಟರು ತಡೆ ಹಾಕಿರ್ತಾರ. ಅದನ್ನ ಮುರಿಸೋ ಶಹಬ್ಬಾಸ್‌ಗಿರಿ ಪ್ರೋತ್ಸಾಹ ಅಲ್ಲ. “ಅಯ್ಯ, ಏಳಬ್ಯಾಡ, ಮಲ್ಕೋ” ಅನ್ನೋ ಅವ್ವಂದಿರ ಮಾತಿನಾಗ ಪ್ರೀತಿ ಐತಿ, ಖರೆ. ಆದರೆ ಸದಾ ಮಲಗಿದ್ರೆ ಸ್ನಾಯು ಸೊರಗುತ್ತವೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ.

ಎಲ್ಲಾರ ಕಾಲೂ ಮತ್ತ ನಡೀತಾವ ಅಂತ ನಾ ಹೇಳಂಗಿಲ್ಲ. ಕೊಲ್ಹಾಪುರದ ನಸೀಮಾ ಹುರ್ಜುಕ್ ಅವರಿಗೆ ಹದಿಹರೆಯದಾಗೇ ಕಾಲಿನ ಬಲ ಹೋತು. ಅವರಿಗೆ ದಾರಿ ತೋರಿಸಿದ್ದು ಯಾರದೋ ಉಪದೇಶ ಅಲ್ಲ, ತಾವೂ ಗಾಲಿಕುರ್ಚಿಯೊಳಗಿದ್ದು ಬದುಕು ನಡೆಸುತ್ತಿದ್ದ ಬಾಬುಕಾಕಾ ದಿವಾಣ ಅವರ ಸ್ನೇಹ. ಮುಂದೆ 1984ರಲ್ಲಿ ನಸೀಮಾ ‘ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್’ ಸಂಸ್ಥೆ ಕಟ್ಟಿ, ತಾವೇ ಇನ್ನೊಬ್ಬರಿಗೆ ಜೋಡಿ ಆದರು. ನಡೆಯಾಕ ಆಗದವರಿಗೂ ಜೋಡಿ ಬೇಕೇ ಬೇಕು.

ಊರು ಸೈತ ಕೈ ಹಿಡೀಬಹುದು ನೋಡ್ರಿ. ಡಾಕ್ಟರು ಹೂಂ ಅಂದಮ್ಯಾಲೆ ರಾಯಾಪುರ ಸ್ಟಾಪಿನಾಗ ಚಿಗರಿ ಬಸ್ ಹತ್ತಿದೆ. ಪ್ಲಾಟ್‌ಫಾರ್ಮೂ ಬಸ್ಸಿನ ನೆಲವೂ ಒಂದೇ ಮಟ್ಟ, ಮೆಟ್ಟಿಲು ಹತ್ತೋ ಕಷ್ಟ ಇಲ್ಲ. ಆದರೆ ಸ್ಟಾಪು ರಸ್ತೆಯ ನಡುವ ಐತಿ, ಅಲ್ಲಿಗೆ ದಾಟಿ ಹೋಗಬೇಕು. ಬೈಕಿನ ಅಣ್ಣಂದಿರಾ, ನಿಧಾನ ದಾಟೋರನ್ನ ಕಂಡ್ರ ಹಾರ್ನ್ ಹೊಡೀಬ್ಯಾಡ್ರಿ, ಹತ್ತು ಸೆಕೆಂಡ್ ನಿಂದ್ರಿ. ಅದೂ ಪ್ರೋತ್ಸಾಹನ.

ಒಂದು ಎಚ್ಚರಿಕೆ. ಒಂದಕ್ಕ, ಎರಡಕ್ಕ ಹಿಡಿತ ತಪ್ಪಿದ್ರ, ಮೂತ್ರ ಕಟ್ಟಿದ್ರ, ತೊಡೆ ಸಂದಿಯಾಗ ಮುಟ್ಟಿದ್ದು ಗೊತ್ತಾಗದಿದ್ರ, ಕಾಲಿನ ಬಲ ಒಮ್ಮೆಲೇ ಕಮ್ಮಿ ಆದ್ರ, ಜ್ವರ ಬಂದ್ರ, ಗಾಯ ಸೋರಿದ್ರ, ಆವಾಗ ಧೈರ್ಯ ಹೇಳ್ಕೋತ ಕೂಡಬ್ಯಾಡ್ರಿ. ತಕ್ಷಣ ಆಸ್ಪತ್ರೆಗೆ ಕರಕೊಂಡು ಹೋಗ್ರಿ.

ಈಗ ಕಂಬ ದಾಟಿ ಮೇನ್ ರೋಡ್ ತನಕ ಹೋಗ್ತೀನಿ. ಎಡಗಾಲಿನ ಹೆಬ್ಬೆರಳು ಇನ್ನೂ ಜೋಮು. ಮಾಮಿ ಇನ್ನೂ ಲೆಕ್ಕ ಇಡ್ತಾರ.

ನಾಳೆ ಯಾರನ್ನಾದರೂ ನೋಡಾಕ ಹೊಂಟಿದ್ರ, ಹಣ್ಣಿನ ಜೋಡಿ ಒಂದು ಪ್ರಶ್ನೆನೂ ಒಯ್ಯಿರಿ: “ಡಾಕ್ಟರ್ ಎಷ್ಟು ನಡೀ ಅಂದಾರ?” ಉತ್ತರ ಕೇಳಿ, ಚಪ್ಪಲಿ ಬಿಡಬ್ಯಾಡ್ರಿ.

ಮುಂದಿನ ಭಾಗ: ಮತ್ತ ಕೆಲಸಕ್ಕ ಕುಂದ್ರೂದು ಹ್ಯಾಂಗ?

#ಬೆನ್ನಿನಮಾತು #ರಾಯಾಪುರ #ಹುಬ್ಬಳ್ಳಿಧಾರವಾಡ #ಜೋಡಿನಡೀರಿ