ಸಿಟ್ಟಿನಾಗ ಆಡಿದ ಮಾತು ಸಾಕ್ಷಿ ಹೆಂಗಾಗ್ತದ?

'ಅನಾಟಮಿ ಆಫ್ ಎ ಫಾಲ್' ನೋಡಿದ ಮ್ಯಾಲೆ ನಮ್ಮ ವೈನಿಗೋಳು, ಮೌಶಿಗೋಳು, ಬಾಜೂ ಮನಿಯವರು ಎಲ್ಲಾರೂ ಕೂಡಿ ಒಂದ ತೀರ್ಪು ಕೊಟ್ರಿ: "ಅಕೀನ ಕೊಂದಿರಬೇಕು, ಅಂಥಾ ಹೆಂಗಸು ಅಕಿ." ನನಗ ಇದು ಒಟ್ಟ ಒಪ್ಪಿಗಿ ಇಲ್ಲ. ಅಂಥಾ ಹೆಂಗಸು ಅಂದ್ರ ಎಂಥಾಕಿ, ಅದನ್ನರ ಹೇಳ್ರಿ.

ನೋಡದವರಿಗೆ ಎರಡು ಮಾತು. ಜಸ್ಟಿನ್ ತ್ರಿಯೆ ಅನ್ನೋ ಹೆಣ್ಣಮಗಳು ಮಾಡಿದ ಫ್ರೆಂಚ್ ಸಿನೆಮಾ ಇದು, 2023ರಾಗ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಇದಕ್ಕ ಬಂತು. ಗ್ರೆನೋಬಲ್ ಕಡೆ ಹಿಮದ ಗುಡ್ಡದಾಗ ಒಂದು ಮನಿ. ಹೆಂಡತಿ ಸಾಂಡ್ರಾ ಜರ್ಮನಿಯಾಕಿ, ಕಾದಂಬರಿ ಬರೀತಾಳ. ಗಂಡ ಸ್ಯಾಮ್ಯುಯೆಲ್ ಅಟ್ಟದ ಮ್ಯಾಲಿಂದ ಬಿದ್ದು ಸತ್ತಾನ. ಕೇಸು ಹೆಂಡತಿ ಮ್ಯಾಲೆ.

ಬಿದ್ದದ್ದನ್ನ ಕಣ್ಣಾರೆ ನೋಡಿದವರು ಯಾರೂ ಇಲ್ಲ. ಅದಕ್ಕ ಕೋರ್ಟಿನಾಗ ಸಂಸಾರಾನ ಬಿಚ್ಚಿ ಹರವತಾರ. ಅಕಿ ಸುಳ್ಳು ಹೇಳ್ಯಾಳ, ಹೌದು. ಹಿಂದಿನ ದಿನದ ಜಗಳದಾಗ ಕೈಗೆ ಆದ ಪೆಟ್ಟನ್ನ ಅಡಿಗಿ ಕಟ್ಟಿಗೆ ಬಡದದ್ದು ಅಂದಿದ್ಲು. ಬ್ಯಾರೆ ಸಂಬಂಧ ಇತ್ತು, ಅದೂ ಹೌದು. ಇವೆಲ್ಲಾ ಕೆಟ್ಟ ಹೆಂಡತಿ ಅನ್ನೋದಕ್ಕ ಸಾಕ್ಷಿ ಆದೀತು, ಕೊಲಿಗೆ ಹೆಂಗ ಸಾಕ್ಷಿ? ಸರಕಾರಿ ವಕೀಲ ಅಕಿ ಕಾದಂಬರಿನೂ ತಗದು ಓದತಾನ. ಹಂಗ ನೋಡಿದ್ರ ಕೊಲಿ ಕಥಿ ಬರದವರೆಲ್ಲಾ ಜೇಲಿನಾಗ ಇರಬೇಕಿತ್ತು.

ನಿಮ್ಮೆಲ್ಲಾರನ್ನೂ ತಿರುಗಿಸಿದ್ದು ಆ ರೆಕಾರ್ಡಿಂಗು. ಸಾಯೋ ಹಿಂದಿನ ದಿನ ಗಂಡ ಅಕಿಗೆ ಗೊತ್ತಿಲ್ಲಧಂಗ ಜಗಳ ರೆಕಾರ್ಡ್ ಮಾಡ್ಯಾನ. ಅಂದ್ರ ಇಬ್ಬರಾಗ ಒಬ್ಬಾಂವಗ ಮಾತ್ರ ಗೊತ್ತದ, ಈ ಮಾತು ಉಳೀತದ ಅಂತ. ಇನ್ನೊಬ್ಬಾಕಿ ಸಿಟ್ಟು ಬಂದಂಗ ಮಾತಾಡ್ಯಾಳ. ಕಡೀಗೆ ಗ್ಲಾಸ್ ಒಡದ ಸಪ್ಪಳ, ಹೊಡದ ಸಪ್ಪಳ. ಯಾರು ಯಾರಿಗೆ ಹೊಡದ್ರು? ರೆಕಾರ್ಡು ಹೇಳಂಗಿಲ್ಲ.

ಮತ್ತ ಗಂಡನ ತಕರಾರು ಏನು? ಮಗನ್ನ ಮನ್ಯಾಗ ಓದಸ್ತೀನಿ, ನಿನ್ನ ಅನುಕೂಲ ನೋಡ್ತೀನಿ, ನನಗ ಬರಿಯಾಕ ಹೊತ್ತ ಇಲ್ಲ ಅಂತ. ನೀವು "ಪಾಪ" ಅಂದ್ರಿ! ಇದ ಮಾತು ಹೆಂಗಸು ಅಂದಿದ್ರ "ಸಂಸಾರ ಅಂದಮ್ಯಾಲೆ ಇದ್ದದ್ದ" ಅಂತಿದ್ರಿ.

ಫ್ರಾನ್ಸಿನ ಕಥಿ ನಮಗ್ಯಾಕ ಅನಬ್ಯಾಡ್ರಿ. ಗಂಡ ಹೆಂಡತಿ ನಡುವಿನ ಮಾತು ಗುಟ್ಟು ಅಂತ ನಮ್ಮ 1872ರ ಸಾಕ್ಷ್ಯ ಕಾಯ್ದೆದ 122ನೇ ಕಲಮು ಹೇಳತಿತ್ತು. ಅವರಿಬ್ಬರ ನಡುವಿನ ವ್ಯಾಜ್ಯಕ್ಕ ಅದರಾಗ ವಿನಾಯಿತಿನೂ ಇತ್ತು. ಆ ವಿನಾಯಿತಿ ಹಿಡಕೊಂಡು 2025ರ ಜುಲೈ 14ಕ್ಕ ಸುಪ್ರೀಂ ಕೋರ್ಟು, ವಿಚ್ಛೇದನದ ಕೇಸಿನಾಗ ಕದ್ದು ಮಾಡಿದ ಫೋನ್ ರೆಕಾರ್ಡಿಂಗನ್ನೂ ಸಾಕ್ಷಿ ಅಂತ ತಗೋಬಹುದು ಅಂತು. ಆ ಕೇಸಿನಾಗ ರೆಕಾರ್ಡ್ ಮಾಡಿದಾಂವನೂ ಗಂಡನ. ಒಬ್ಬರ ಮ್ಯಾಲೆ ಒಬ್ಬರು ಕಳ್ಳಗಣ್ಣು ಇಡೋ ಹೊತ್ತಿಗೆ ಸಂಸಾರ ಆಗಲೇ ಮುರದಿರ್ತದ ಅಂತನೂ ಕೋರ್ಟು ಹೇಳೇದ.

ಆ ತೀರ್ಪಿನ ಜೋಡಿ ನನ್ನ ಜಗಳ ಇಲ್ಲ. ಬಾಗಲಾ ಹಾಕ್ಕೊಂಡು ಹೊಡಿಸಿಕೊಳ್ಳೋ ಹೆಣ್ಣಮಗಳಿಗೆ ಮೊಬೈಲ್ ಬಿಟ್ರ ಬ್ಯಾರೆ ಸಾಕ್ಷಿ ಎಲ್ಲಿಂದ ಬರಬೇಕು? ಆದ್ರ ಸಾಕ್ಷಿ ಅಂತ ತಗೊಳ್ಳೋದು ಬ್ಯಾರೆ, ನಂಬೋದು ಬ್ಯಾರೆ. ಕೋರ್ಟಿನಾಗಾದ್ರ ಎದುರಿನ ವಕೀಲ ಪ್ರಶ್ನೆ ಕೇಳ್ತಾನ. ನಮ್ಮ ಪಡಸಾಲ್ಯಾಗ ಯಾರು ಕೇಳ್ತಾರ? ಮೊಬೈಲ್ ಮುಂದ ಹಿಡದು "ನೋಡ್ರಿ ನಮ್ಮ ಸೊಸಿ ಹೆಂಗ ಬಾಯಿ ಮಾಡ್ತಾಳ" ಅಂದ್ರ ಸಾಕು, ಎಲ್ಲಾರೂ ಕಿವಿ ಕೊಡ್ತೀರಿ. ಆ ಸೊಸಿ ಬಾಯಿ ತಗಿಯೋದಕ್ಕಿಂತ ಮೊದಲಿನ ಹತ್ತು ನಿಮಿಷ ಎಲ್ಲೆ ಅದ ಅಂತ ಯಾರರ ಒಬ್ಬರು ಕೇಳೀರೇನು?