ಕೂಗಿದವರು ಕಾಣೆ, ಕಾಸು ಬರಲಿಲ್ಲ: ಅಂತರ್ಜಾಲ ಹರಾಜಿನ ವಿದೇಶಿ ಬಾಕಿದಾರರು

2010ರ ನವೆಂಬರ್‌ನಲ್ಲಿ ಲಂಡನ್ನಿನ ಹೊರವಲಯದ ಸಣ್ಣ ಹರಾಜು ಸಂಸ್ಥೆಯೊಂದರಲ್ಲಿ ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದ ಪಿಂಗಾಣಿ ಹೂದಾನಿಯೊಂದು 4.3 ಕೋಟಿ ಪೌಂಡಿಗೆ ಹರಾಜಾಯಿತು. ಸಂಸ್ಥೆಯ ಶುಲ್ಕ ಸೇರಿದರೆ ಮೊತ್ತ 5 ಕೋಟಿ ಪೌಂಡನ್ನು ದಾಟುತ್ತಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಮುಖಪುಟದ ಸುದ್ದಿ ಮಾಡಿದವು. ಆದರೆ ಸವಾಲು ಗೆದ್ದ ಚೀನೀ ಗ್ರಾಹಕ ಹಣ ಕೊಡಲಿಲ್ಲ. ಎರಡು ವರ್ಷಗಳಿಗೂ ಹೆಚ್ಚು ಕಾಲ ಕಾದ ಮೇಲೆ, 2013ರಲ್ಲಿ ಆ ಹೂದಾನಿ ಬೇರೊಂದು ಸಂಸ್ಥೆಯ ಮೂಲಕ ಖಾಸಗಿಯಾಗಿ ಮಾರಾಟವಾಯಿತು. ಬಂದ ಹಣ ಮೊದಲು ಕೂಗಿದ್ದರ ಅರ್ಧದಷ್ಟೆಂದು ವರದಿಗಳು ಹೇಳಿದವು.

ಅದಕ್ಕೂ ಮುನ್ನ, 2009ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಕ್ರಿಸ್ಟೀಸ್ ಹರಾಜಿನಲ್ಲಿಯೂ ಇಂಥದೇ ಪ್ರಸಂಗ ನಡೆದಿತ್ತು. ಬೀಜಿಂಗ್‌ನ ಬೇಸಿಗೆ ಅರಮನೆಯಿಂದ ಲೂಟಿಯಾಗಿದ್ದ ಎರಡು ಕಂಚಿನ ತಲೆಗಳಿಗೆ 3.1 ಕೋಟಿ ಯೂರೋಗೂ ಮಿಗಿಲಾದ ಸವಾಲು ಹಾಕಿದ ಚೀನೀ ಸಂಗ್ರಾಹಕ, ಹಣ ಕೊಡುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿದ. ಅವನಿಗೆ ಅದು ದೇಶಾಭಿಮಾನದ ಪ್ರತಿಭಟನೆಯಾಗಿತ್ತು.

ಪ್ರತಿಷ್ಠಿತ ಹರಾಜು ಮನೆಗಳ ಗತಿಯೇ ಹೀಗಾದರೆ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ಇಬೇ ತಾಣದಲ್ಲಿ ಅಂಚೆಚೀಟಿ, ಬಿದರಿ ಪಾತ್ರೆ, ರೇಷ್ಮೆ ಸೀರೆ ಅಥವಾ ಕ್ಯಾಮೆರಾ ಬಿಡಿಭಾಗ ಮಾರುವವನ ಪಾಡೇನು? ಹರಾಜು ಮುಗಿಯುತ್ತದೆ, ಅಭಿನಂದನೆಯ ಇ-ಮೇಲ್ ಬರುತ್ತದೆ, ಗೆದ್ದವನ ವಿಳಾಸ ಸಾಗರದಾಚೆಯದು. ಅನಂತರ ಮೌನ. ವಸ್ತು ಕಪಾಟಿನಲ್ಲಿಯೇ ಇದೆ, ಆದರೆ ಮಾರಾಟವಾಗಿದೆ ಎಂಬ ಲೆಕ್ಕದಲ್ಲಿ ಮತ್ತೊಬ್ಬರಿಗೆ ಮಾರುವಂತಿಲ್ಲ.

ಠೇವಣಿಯಿಲ್ಲದ ಸವಾಲು

ಹರಾಜು ಕನ್ನಡಿಗರಿಗೆ ಹೊಸದಲ್ಲ. ಎಪಿಎಂಸಿ ಪ್ರಾಂಗಣದಿಂದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯವರೆಗೆ ಅದು ನಿತ್ಯದ ವ್ಯವಹಾರ. ಆದರೆ ಇಲ್ಲೆಲ್ಲ ಕೊಳ್ಳುವವನು ಪರವಾನಗಿ ಪಡೆದವನು, ಮುಖಪರಿಚಯವುಳ್ಳವನು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಮೂಲೆ ನಿವೇಶನಗಳ ಹರಾಜಿನಲ್ಲಿ ಭಾಗವಹಿಸಬೇಕಾದರೆ ಮೊದಲು ಠೇವಣಿ ಇಡಬೇಕು. ಬ್ಯಾಂಕುಗಳು ಸರ್ಫೇಸಿ ಕಾಯ್ದೆಯಡಿ ನಡೆಸುವ ಸ್ಥಿರಾಸ್ತಿ ಹರಾಜಿನಲ್ಲಂತೂ ನಿಯಮ ಇನ್ನೂ ಕಟ್ಟುನಿಟ್ಟು. ಗೆದ್ದವನು ಬೆಲೆಯ ಶೇ. 25ರಷ್ಟನ್ನು ಅದೇ ದಿನ ಅಥವಾ ಮರುದಿನದ ಕಚೇರಿ ವೇಳೆಯೊಳಗೆ ಕಟ್ಟಬೇಕು. ಉಳಿದುದನ್ನು ಸಾಮಾನ್ಯವಾಗಿ 15 ದಿನಗಳೊಳಗೆ ಕಟ್ಟದಿದ್ದರೆ ಕೊಟ್ಟ ಹಣ ಮುಟ್ಟುಗೋಲಾಗುತ್ತದೆ.

ಅಂತರ್ಜಾಲ ಹರಾಜು ಈ ಠೇವಣಿಯನ್ನೇ ಕೈಬಿಟ್ಟು ಬೆಳೆಯಿತು. 1995ರಲ್ಲಿ ಅಮೆರಿಕದಲ್ಲಿ ಪಿಯರ್ ಓಮಿಡಿಯಾರ್ ಆರಂಭಿಸಿದ ಇಬೇ ತಾಣದ ಬಂಡವಾಳವೇ ಅಪರಿಚಿತರ ನಡುವಿನ ವಿಶ್ವಾಸ. ಯಾರು ಬೇಕಾದರೂ ಬರಬಹುದು, ಒಂದು ಗುಂಡಿ ಒತ್ತಿ ಸವಾಲು ಹಾಕಬಹುದು. ಬಾಗಿಲು ತೆರೆದಷ್ಟೂ ಸವಾಲುದಾರರು ಹೆಚ್ಚು, ಸವಾಲುದಾರರು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಅದೇ ತೆರೆದ ಬಾಗಿಲಿನಿಂದ ಹಣ ಕೊಡದವರೂ ಒಳಬಂದರು. ಸವಾಲು ಹಾಕುವುದಕ್ಕೆ ಖರ್ಚಿಲ್ಲ, ಹಿಂದೆಗೆಯುವುದಕ್ಕೆ ದಂಡವೂ ಇಲ್ಲ ಎಂದಾಗ ಮಾತಿಗೆ ತೂಕ ಉಳಿಯುವುದು ಕಷ್ಟ.

ಭಾರತದಲ್ಲಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 2000ದಲ್ಲಿ ಆರಂಭವಾದ ಬಾಜಿ ಡಾಟ್ ಕಾಂ. 2004ರಲ್ಲಿ ಇಬೇ ಅದನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡಿತು. ಬಳಿಕ 2017ರಲ್ಲಿ ಇಬೇಯ ಭಾರತೀಯ ವಹಿವಾಟು ಬೆಂಗಳೂರಿನ ಫ್ಲಿಪ್‌ಕಾರ್ಟ್ ಪಾಲಾಗಿ, 2018ರ ಆಗಸ್ಟ್‌ನಲ್ಲಿ ಆ ದೇಶೀಯ ತಾಣ ಮುಚ್ಚಿತು. ಉಳಿದದ್ದು ಗಡಿಯಾಚೆಗಿನ ಮಾರಾಟ ಮಾತ್ರ. ಹೀಗಾಗಿ ಇಂದು ಇಬೇಯಲ್ಲಿ ಮಾರುವ ಭಾರತೀಯನಿಗೆ ಎದುರಾಗುವ ಗ್ರಾಹಕನೆಂದರೆ ಬಹುಮಟ್ಟಿಗೆ ವಿದೇಶಿಯೇ.

ಎಲ್ಲರೂ ವಂಚಕರಲ್ಲ

ಹಣ ಕೊಡದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕೆಲವರು ಒಂದೇ ಬಗೆಯ ಮೂರು ವಸ್ತುಗಳಿಗೆ ಸವಾಲು ಹಾಕಿ, ಅಗ್ಗವಾಗಿ ಸಿಕ್ಕಿದ್ದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕೆಲವರು ಗೆದ್ದ ಮೇಲೆ ಅಂಚೆ ವೆಚ್ಚ ನೋಡಿ ಹಿಂಜರಿಯುತ್ತಾರೆ. ಇನ್ನು ಕೆಲವರ ಕಾರ್ಡನ್ನು ಅವರ ಬ್ಯಾಂಕೇ ವಿದೇಶಿ ಪಾವತಿಯೆಂಬ ಅನುಮಾನದಿಂದ ತಡೆಹಿಡಿಯುತ್ತದೆ. ಭಾಷೆ ತಿಳಿಯದೆ ವಿವರಣೆಯನ್ನು ತಪ್ಪಾಗಿ ಅರ್ಥೈಸಿಕೊಂಡವರೂ ಉಂಟು.

ಸುಂಕದ ಭಯ ಈಚೆಗೆ ಇನ್ನಷ್ಟು ದೊಡ್ಡ ಕಾರಣವಾಗಿದೆ. 22 ಯೂರೋವರೆಗಿನ ಆಮದಿಗಿದ್ದ ತೆರಿಗೆ ವಿನಾಯಿತಿಯನ್ನು ಐರೋಪ್ಯ ಒಕ್ಕೂಟ 2021ರ ಜುಲೈನಲ್ಲಿ ರದ್ದುಪಡಿಸಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ ಅಂತ್ಯದಲ್ಲಿ ನಿಲ್ಲಿಸಿತು. ಅದರ ಬೆನ್ನಿಗೇ ಭಾರತೀಯ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ಸ್ವೀಕಾರವನ್ನು ಕೆಲವು ವಾರ ಸ್ಥಗಿತಗೊಳಿಸಬೇಕಾಯಿತು. 30 ಡಾಲರಿನ ವಸ್ತುವಿಗೆ ಮನೆಬಾಗಿಲಲ್ಲಿ ಇನ್ನೆಷ್ಟು ತೆರಬೇಕಾದೀತೋ ಎಂಬ ಅಂಜಿಕೆ ಹುಟ್ಟಿದರೆ, ಪ್ರಾಮಾಣಿಕ ಗ್ರಾಹಕನೂ ಸುಮ್ಮನಾಗಿಬಿಡುತ್ತಾನೆ.

ತಪ್ಪು ಸದಾ ಕೊಳ್ಳುವವನದೂ ಅಲ್ಲ. 2010ರ ಆರಂಭದಲ್ಲಿ ಪೇಪಾಲ್ ಭಾರತಕ್ಕೆ ಬರುವ ವೈಯಕ್ತಿಕ ಪಾವತಿಗಳನ್ನು ದಿಢೀರನೆ ನಿಲ್ಲಿಸಿದಾಗ ಅನೇಕ ಸಣ್ಣ ಮಾರಾಟಗಾರರು ಕಂಗಾಲಾದರು. 2011ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಿಂದಾಗಿ ಪ್ರತಿ ರಫ್ತು ಪಾವತಿಗೆ 500 ಡಾಲರ್ ಮಿತಿ ಬಂತು. ಅದಕ್ಕಿಂತ ಬೆಲೆಬಾಳುವ ವಸ್ತುವನ್ನು ಗೆದ್ದವನು ಹಣ ಕಳಿಸಲು ಸಿದ್ಧನಿದ್ದರೂ ಆ ದಾರಿಯಲ್ಲಿ ಸ್ವೀಕರಿಸುವಂತಿರಲಿಲ್ಲ. ಅದೇ ವರ್ಷ ಮಿತಿ 3,000 ಡಾಲರಿಗೂ 2013ರಲ್ಲಿ 10,000 ಡಾಲರಿಗೂ ಏರಿತು. ಗಡಿಯಾಚೆಗಿನ ಪಾವತಿ ಮಧ್ಯವರ್ತಿಗಳಿಗಾಗಿ 2023ರ ಅಕ್ಟೋಬರ್‌ನಲ್ಲಿ ಹೊರಬಂದ ನಿಯಮಾವಳಿ ಈ ಮಿತಿಯನ್ನು ಪ್ರತಿ ವಸ್ತುವಿಗೆ 25 ಲಕ್ಷ ರೂಪಾಯಿಗೆ ವಿಸ್ತರಿಸಿತು. ಅಂದರೆ ಹಣ ಸ್ವೀಕರಿಸುವ ದಾರಿಯ ತೊಡಕು ಬಹುಪಾಲು ಕಳೆದಿದೆ. ಕೊಡುವವನ ಮನಸ್ಸಿನ ತೊಡಕು ಮಾತ್ರ ಉಳಿದಿದೆ.

ನಷ್ಟದ ನಿಜವಾದ ಲೆಕ್ಕ

ವಸ್ತು ಕೈಯಲ್ಲೇ ಇರುವಾಗ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಅಡಗಿರುವುದು ಬೆಲೆ ನಿರ್ಧಾರವಾಗುವ ರೀತಿಯಲ್ಲಿ. ಇಬೇಯಲ್ಲಿ ಸವಾಲುದಾರ ತನ್ನ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸುತ್ತಾನೆ. ಎರಡನೆಯವನ ಗರಿಷ್ಠಕ್ಕಿಂತ ಒಂದು ಹೆಜ್ಜೆ ಮೇಲಿನ ಬೆಲೆಗೆ ಮೊದಲನೆಯವನಿಗೆ ವಸ್ತು ಸಿಗುತ್ತದೆ. ಒಬ್ಬ 40, ಇನ್ನೊಬ್ಬ 95, ಮತ್ತೊಬ್ಬ 200 ಡಾಲರ್ ನಮೂದಿಸಿದ್ದರೆ, ಮೂರನೆಯವನು ಸುಮಾರು 96 ಡಾಲರಿಗೆ ಗೆಲ್ಲುತ್ತಾನೆ. ಅವನು ಹಣ ಕೊಡದೆ ಮಾಯವಾದರೆ, ಎರಡನೆಯವನಿಗೆ 'ಮರು ಅವಕಾಶ' ನೀಡಲು ತಾಣದಲ್ಲಿ ಏರ್ಪಾಡಿದೆ. ಆದರೆ ಅವನು ಕೊಡಬೇಕಾಗುವುದು ತನ್ನ ಗರಿಷ್ಠವಾದ 95 ಡಾಲರ್. ಮಾಯವಾದವನು ಹರಾಜಿಗೆ ಬಾರದೇ ಇದ್ದಿದ್ದರೆ ಅವನಿಗೆ ಅದೇ ವಸ್ತು ಸುಮಾರು 41 ಡಾಲರಿಗೆ ಸಿಗುತ್ತಿತ್ತು. ಮಾರಾಟಗಾರನೇ ತನ್ನ ಗೆಳೆಯನಿಂದ ಬೆಲೆ ಏರಿಸಿರಬೇಕೆಂದು ಅವನು ಶಂಕಿಸಿದರೆ ಆಶ್ಚರ್ಯವಿಲ್ಲ. ಒಬ್ಬ ಹಣ ಕೊಡದವನಿಂದ ಇಬ್ಬರು ಗ್ರಾಹಕರು ಕೈತಪ್ಪುವುದು ಹೀಗೆ.

ಇದಕ್ಕಿಂತ ಘೋರವಾದದ್ದು ಹಣ ಬಂದಂತೆ ಕಂಡು ಬಾರದಿರುವುದು. ಪಾವತಿಯಾಗಿದೆ ಎಂಬ ನಕಲಿ ಇ-ಮೇಲ್ ಕಳಿಸಿ, ಪಾರ್ಸೆಲ್‌ನ ಟ್ರ್ಯಾಕಿಂಗ್ ಸಂಖ್ಯೆ ಕೊಟ್ಟೊಡನೆ ಹಣ ಬಿಡುಗಡೆಯಾಗುವುದೆಂದು ನಂಬಿಸುವುದು ಹಳೆಯ ತಂತ್ರ. ಕದ್ದ ಕಾರ್ಡಿನಿಂದ ಪಾವತಿಸಿ, ನಿಜವಾದ ಒಡೆಯ ದೂರಿದಾಗ ಹಣ ಹಿಂದಕ್ಕೆ ಹೋಗುವುದು ಮತ್ತೊಂದು. ಆಗ ವಸ್ತುವೂ ಇಲ್ಲ, ಹಣವೂ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಮಾತು ಸಾಗರದಾಚೆಯ ವ್ಯಾಪಾರಕ್ಕೂ ಒಪ್ಪುತ್ತದೆ.

ಕಾನೂನಿನ ಕೈ ಎಷ್ಟು ಉದ್ದ?

ಹರಾಜಿನ ಸವಾಲು ಬರಿಯ ಆಟವಲ್ಲ ಎಂಬುದನ್ನು ನ್ಯಾಯಾಲಯಗಳು ಒಪ್ಪಿವೆ. ಅಂತರ್ಜಾಲ ಹರಾಜಿನಲ್ಲಿ ಮಾರಾಟವಾದ ಕಾರೊಂದರ ಪ್ರಕರಣದಲ್ಲಿ ಜರ್ಮನಿಯ ಸಂಯುಕ್ತ ನ್ಯಾಯಾಲಯ 2001ರಲ್ಲಿ ಒಪ್ಪಂದ ಊರ್ಜಿತವೆಂದು ತೀರ್ಪಿತ್ತಿತು. ಇಬೇಯಲ್ಲಿ 1.5 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಹರಾಜಾದ ಹಳೆಯ ಯುದ್ಧವಿಮಾನದ ಮೊಕದ್ದಮೆಯಲ್ಲಿ ನ್ಯೂ ಸೌತ್ ವೇಲ್ಸ್ ಸುಪ್ರೀಂ ಕೋರ್ಟ್ 2007ರಲ್ಲಿ ಇದನ್ನೇ ಹೇಳಿತು. ಎರಡರಲ್ಲಿಯೂ ಮಾತು ತಪ್ಪಿದವನು ಮಾರಾಟಗಾರನಾಗಿದ್ದ. ಆದರೆ ತತ್ವ ಇಬ್ಬರಿಗೂ ಒಂದೇ.

ಭಾರತದ 1930ರ ಸರಕು ಮಾರಾಟ ಕಾಯ್ದೆಯಂತೆ ಹಣ ಬಾರದ ಮಾರಾಟಗಾರ ಸರಕನ್ನು ತನ್ನಲ್ಲೇ ಉಳಿಸಿಕೊಳ್ಳಬಹುದು, ಸೂಕ್ತ ಸೂಚನೆ ನೀಡಿ ಮರುಮಾರಾಟ ಮಾಡಬಹುದು. 1872ರ ಕರಾರು ಕಾಯ್ದೆಯ 73ನೇ ಪ್ರಕರಣದಡಿ ನಷ್ಟಪರಿಹಾರವನ್ನೂ ಕೇಳಬಹುದು. ಕಾಗದದ ಮೇಲೆ ಹಕ್ಕು ಪೂರ್ಣವಾಗಿದೆ. ಅದನ್ನು ಜಾರಿಗೊಳಿಸುವಲ್ಲಿ ತೊಡಕು. ಬ್ರಿಟನ್ ಜತೆ ತೀರ್ಪುಗಳ ಪರಸ್ಪರ ಜಾರಿಗೆ ಏರ್ಪಾಡಿದೆ, ಅಮೆರಿಕದ ಜತೆ ಇಲ್ಲ. ಬೆಂಗಳೂರಿನ ನ್ಯಾಯಾಲಯದ ಡಿಕ್ರಿ ಹಿಡಿದು ಅಮೆರಿಕಕ್ಕೆ ಹೋದವನು ಅಲ್ಲಿ ಹೊಸದಾಗಿ ದಾವೆ ಹೂಡಬೇಕು. ಅಂತರರಾಷ್ಟ್ರೀಯ ಸರಕು ಮಾರಾಟ ಕುರಿತ 1980ರ ವಿಯೆನ್ನಾ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಕಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಹರಾಜಿನ ಮಾರಾಟವನ್ನು ಆ ಒಪ್ಪಂದ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. 60 ಡಾಲರಿನ ಬಾಕಿಗೆ ವಕೀಲರ ಮೊದಲ ನೋಟಿಸಿನ ವೆಚ್ಚವೂ ಗಿಟ್ಟದು.

ಆದ್ದರಿಂದ ಈ ವ್ಯಾಪಾರದಲ್ಲಿ ನಿಜವಾದ ನ್ಯಾಯಾಲಯವೆಂದರೆ ಹರಾಜು ತಾಣದ ನಿಯಮಪುಸ್ತಕ. ಅದು ಮಾರಾಟಗಾರನ ಪರವಾಗಿ ಸದಾ ನಿಂತಿಲ್ಲ. 2008ರ ಮೇ ತಿಂಗಳವರೆಗೆ ಇಬೇಯಲ್ಲಿ ಹಣ ಕೊಡದವನ ಬಗ್ಗೆ ಮಾರಾಟಗಾರ ಕೆಟ್ಟ ಅಭಿಪ್ರಾಯ ದಾಖಲಿಸಬಹುದಿತ್ತು. ಮಾರಾಟಗಾರರು ಸೇಡಿನ ಟಿಪ್ಪಣಿ ಬರೆಯುತ್ತಾರೆಂಬ ಕಾರಣಕ್ಕೆ ಆ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. ಕೊಳ್ಳುವವನು ಮಾತ್ರ ಇಂದಿಗೂ ಮಾರಾಟಗಾರನನ್ನು ಟೀಕಿಸಬಹುದು.

ಉಳಿದಿರುವ ಅಸ್ತ್ರಗಳು

ಆದರೂ ಕೈಯಲ್ಲಿ ಕೆಲವು ಸಾಧನಗಳಿವೆ. ಇಬೇಯ ನಿಯಮದಂತೆ ಗೆದ್ದವನು 4 ದಿನಗಳೊಳಗೆ ಹಣ ಕೊಡಬೇಕು. ಕೊಡದಿದ್ದರೆ 5ನೇ ದಿನದಿಂದ ಮಾರಾಟಗಾರ 'ಹಣ ಬಂದಿಲ್ಲ' ಎಂಬ ಕಾರಣ ನಮೂದಿಸಿಯೇ ವ್ಯವಹಾರ ರದ್ದುಪಡಿಸಬಹುದು. ಕಾರಣದ ಆಯ್ಕೆ ಇಲ್ಲಿ ಮುಖ್ಯ. ಸೌಜನ್ಯಕ್ಕಾಗಿ 'ಗ್ರಾಹಕರ ಕೋರಿಕೆ' ಎಂದು ನಮೂದಿಸಿದರೆ ಬಾಕಿದಾರನ ಖಾತೆಯಲ್ಲಿ ಕಳಂಕ ಉಳಿಯುವುದಿಲ್ಲ, ಅವನು ಮತ್ತೊಬ್ಬನನ್ನು ಇದೇ ರೀತಿ ಕಾಯಿಸುತ್ತಾನೆ. ಇಂಥ ದಾಖಲೆ ಎರಡಕ್ಕಿಂತ ಹೆಚ್ಚಾದವರು ತನ್ನ ಹರಾಜಿಗೇ ಬಾರದಂತೆ ಮಾರಾಟಗಾರ ಮೊದಲೇ ತಡೆಯೊಡ್ಡಬಹುದು. ಪಾರ್ಸೆಲ್ ಕಳಿಸಲಾಗದ ದೇಶಗಳ ಸವಾಲುದಾರರನ್ನೂ ಹೊರಗಿಡಬಹುದು. ನಿಗದಿತ ಬೆಲೆಯ ಮಾರಾಟದಲ್ಲಿ ತಕ್ಷಣದ ಪಾವತಿಯನ್ನು ಕಡ್ಡಾಯ ಮಾಡಬಹುದು.

ರದ್ದತಿಗೆ ಮುನ್ನ ಒಂದು ನೆನಪೋಲೆ ಅಗತ್ಯ. ಅದರಲ್ಲಿ ವಸ್ತುವಿನ ಬೆಲೆ, ಅಂಚೆ ವೆಚ್ಚ, ಕಡೆಯ ದಿನಾಂಕ ಇವಿಷ್ಟು ಸರಳ ಇಂಗ್ಲಿಷಿನಲ್ಲಿದ್ದರೆ ಸಾಕು. ಬೈಗುಳದಿಂದ ಹಣ ಬಂದ ಉದಾಹರಣೆ ವಿರಳ. ಅನುಭವಿಗಳು ಹರಾಜಿಗಿಡುವಾಗಲೇ ದೇಶವಾರು ಅಂಚೆ ವೆಚ್ಚವನ್ನು ಪ್ರಕಟಿಸುತ್ತಾರೆ, ಆಮದು ಸುಂಕ ಕೊಳ್ಳುವವನದೆಂದು ತಿಳಿಸುತ್ತಾರೆ. ಪಾರ್ಸೆಲ್ ಮೇಲೆ 'ಉಡುಗೊರೆ' ಎಂದು ಬರೆದು ಬೆಲೆ ತಗ್ಗಿಸಿ ತೋರಿಸಿದರೆ ಮಾತ್ರ ಹಣ ಕೊಡುವೆನೆನ್ನುವವರಿಗೆ ಮಣಿಯುವುದು ಅಪಾಯ. ಅದು ಕಸ್ಟಮ್ಸ್ ಕಾನೂನಿನ ಉಲ್ಲಂಘನೆ. ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ತಗ್ಗಿಸಿದ ಬೆಲೆಗೇ ಸೀಮಿತವಾದೀತು.

ಪಾವತಿಯನ್ನು ಇ-ಮೇಲ್ ನೋಡಿ ನಂಬದೆ, ಖಾತೆಯನ್ನೇ ತೆರೆದು ಖಚಿತಪಡಿಸಿಕೊಳ್ಳಬೇಕು. ವ್ಯವಹಾರದಲ್ಲಿ ದಾಖಲಾದ ವಿಳಾಸ ಬಿಟ್ಟು ಬೇರೆಡೆಗೆ ಕಳಿಸಿದರೆ ತಾಣದ ರಕ್ಷಣೆ ತಪ್ಪಿಹೋಗುತ್ತದೆ. 750 ಡಾಲರ್ ಮುಟ್ಟಿದ ವ್ಯವಹಾರಗಳಲ್ಲಿ ಪಡೆದವನ ಸಹಿಯ ದಾಖಲೆಯೂ ಬೇಕು.

ಇನ್ನು ಕಹಿ ಅನುಭವದ ಬಳಿಕ ವಿದೇಶಗಳನ್ನೇ ಮುಚ್ಚಿಬಿಡುವ ಆಲೋಚನೆ. ಅಮೆರಿಕದ ಮಾರಾಟಗಾರನಿಗೆ ಅದು ಸಾಧ್ಯ, ಏಕೆಂದರೆ ಅವನ ಮಾರುಕಟ್ಟೆ ಊರಲ್ಲೇ ಇದೆ. ಭಾರತೀಯನಿಗೆ ಆ ಅನುಕೂಲವಿಲ್ಲ. ಒಂದು ಹಳೆಯ ಅಂಚೆಚೀಟಿಗೆ ಜಗತ್ತಿನಲ್ಲಿ ನಾಲ್ವರೇ ಆಸಕ್ತರಿದ್ದು, ಮೂವರು ಹೊರದೇಶದವರಾದರೆ, ಬಾಗಿಲು ಮುಚ್ಚಿದವನು ಉಳಿದೊಬ್ಬನ ಬೆಲೆಗೆ ಒಪ್ಪಬೇಕಾಗುತ್ತದೆ. ಕೆಲವರ ವಂಚನೆಗೆ ಒಂದು ದೇಶದ ಎಲ್ಲರನ್ನೂ ಹೊಣೆಯಾಗಿಸುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಪರಿಹಾರ ತಾಣಗಳ ಕೈಯಲ್ಲೇ ಇದೆ. ಸವಾಲು ಹಾಕುವ ಮೊದಲೇ ಕಾರ್ಡಿನ ವಿವರ ಪಡೆದು, ಗೆದ್ದೊಡನೆ ಹಣ ಕಡಿತಗೊಳಿಸುವ ವ್ಯವಸ್ಥೆಯತ್ತ ಇಬೇ ಈಚಿನ ವರ್ಷಗಳಲ್ಲಿ ಹೆಜ್ಜೆಯಿಟ್ಟಿದೆ. ಬ್ಯಾಂಕಿನ ಹರಾಜಿನಲ್ಲಿ ದಶಕಗಳಿಂದ ಇರುವ ಠೇವಣಿಯ ತತ್ವವೇ ಇದು, ರೂಪ ಮಾತ್ರ ಬೇರೆ. ಅದು ಎಲ್ಲ ದೇಶಗಳಿಗೂ ಎಲ್ಲ ಹರಾಜುಗಳಿಗೂ ವಿಸ್ತರಿಸುವ ತನಕ ಸಣ್ಣ ಮಾರಾಟಗಾರ ಒಂದನ್ನು ನೆನಪಿಡಬೇಕು. ಕೂಗಿದ ಬೆಲೆ ಆದಾಯವಲ್ಲ. ಹಣ ಖಾತೆಗೆ ಬಂದಿರುವುದನ್ನು ಕಣ್ಣಾರೆ ಕಾಣುವವರೆಗೆ ಪಾರ್ಸೆಲ್ ಕಪಾಟಿನಲ್ಲಿಯೇ ಇರಲಿ.